ಕೊಡಗಲ್ಲಿ ಕುರಿ ಮರಿ ಉಳಿಸಿಕೊಳ್ಳೋದು ಹೇಗೆ: ಟಗರು ಬಿಡೋ ದಿನದಿಂದ ಮುಂಗಾರಿನ ತನಕ

ಕಾಫಿ ಹೂವು ಅರಳೋ ಹೊತ್ತಿಗೆ ನಂಗೆ ಬರೋ ಫೋನು, ಮೆಸೇಜು ಹೆಚ್ಚುಕಮ್ಮಿ ಎಲ್ಲಾ ಒಂದೇ ಥರ ಇರತ್ತೆ. ರಾತ್ರಿ ಕುರಿ ಈದಿದೆ, ಮರಿ ಎದ್ದು ನಿಂತಿತ್ತು, ಬೆಳಿಗ್ಗೆ ಹೋಗಿ ನೋಡಿದ್ರೆ ತಣ್ಣಗೆ ಬಿದ್ದಿದೆ, ಯಾವ ರೋಗ ಇದು? ಹೆಚ್ಚಿನ ಸಲ ಅದು ರೋಗನೇ ಅಲ್ಲ. ಚಳಿ ಮತ್ತು ಹಸಿವು, ಎರಡೂ ಸೇರಿ ಮರಿನ ತಗೊಂಡು ಹೋಗಿರತ್ತೆ. ಹುಟ್ಟಿದ ಮರಿ ಮೈಯಲ್ಲಿ ಕೆಲವು ಗಂಟೆಗೆ ಸಾಕಾಗುವಷ್ಟು ಮಾತ್ರ ಕೊಬ್ಬಿರತ್ತೆ, ಅದು ಮುಗಿಯೋದ್ರೊಳಗೆ ಮೈ ಒಣಗಿ ಹೊಟ್ಟೆಗೆ ಹಾಲು ಬಿದ್ದಿಲ್ಲ ಅಂದ್ರೆ ಅದು ತಣ್ಣಗಾಗೋಕೆ ಶುರು. ಸತ್ತ ಮರಿಗಳಲ್ಲಿ ತುಂಬಾ ಮರಿ ಸಾಯೋದು ಹುಟ್ಟಿದ ಮೊದಲ ಎರಡು ಮೂರು ದಿನದಲ್ಲೇ, ಹಾಗಾಗಿ ಆ ಎರಡು ಮೂರು ದಿನಕ್ಕೆ ನಾವು ಐದು ತಿಂಗಳ ಮುಂಚಿಂದನೇ ರೆಡಿ ಆಗ್ಬೇಕು.

ನಾನು ಕುಶಾಲನಗರದ ಬಯಲು ಕಡೆಯವನು, ಒಂದಷ್ಟು ಗದ್ದೆ, ಸ್ವಲ್ಪ ರೋಬಸ್ಟಾ ಕಾಫಿ ತೋಟ, ಮೂವತ್ತು ಚಿಲ್ಲರೆ ತಾಯಿ ಕುರಿ. ಇಲ್ಲಿ ಬರೆಯೋದು ಹತ್ತರಿಂದ ಐವತ್ತು ಕುರಿ ಇಟ್ಕೊಂಡಿರೋರಿಗೆ. ಹೆಬ್ಬಾಲೆ, ಶಿರಂಗಾಲ, ಶನಿವಾರಸಂತೆ, ಕೊಡ್ಲಿಪೇಟೆ ಕಡೆಯೋರಿಗೆ ಇದು ಹೆಚ್ಚುಕಮ್ಮಿ ಹಾಗೇ ಸರಿಹೋಗತ್ತೆ. ಭಾಗಮಂಡಲ, ನಾಪೋಕ್ಲು ಕಡೆ ಮಳೆ ಲೆಕ್ಕನೇ ಬೇರೆ, ಅಲ್ಲಿ ಅಟ್ಟದ ಕೊಟ್ಟಿಗೆ, ಅಂದ್ರೆ ನೆಲದಿಂದ ಎತ್ತರಕ್ಕೆ ಹಲಗೆ ಹಾಕಿದ ಕೊಟ್ಟಿಗೆ, ಕಟ್ಟದೆ ಕುರಿ ತರಲೇಬೇಡಿ ಅಂತ ನಾನು ಹೇಳೋದು.

1. ಮರಿ ಯಾವಾಗ ಹುಟ್ಟಬೇಕು ಅಂತ ನೀವೇ ತೀರ್ಮಾನ ಮಾಡಿ

ಕುರಿ ಗಬ್ಬದ ಅವಧಿ ಸುಮಾರು 150 ದಿನ, ಐದು ತಿಂಗಳು ಅಂತ ಇಟ್ಕೊಳ್ಳಿ. ಸೆಪ್ಟೆಂಬರ್ 15ಕ್ಕೆ ಟಗರು ಹಾರಿದ್ರೆ ಫೆಬ್ರವರಿ 12ರ ಆಚೀಚೆ ಮರಿ. ನಮ್ಮಲ್ಲಿ ಇದೇ ಒಳ್ಳೇ ಟೈಮ್. ಯಾಕಂದ್ರೆ ಬತ್ತ ಕುಯ್ದು ಗದ್ದೆ ಖಾಲಿ ಇರತ್ತೆ, ಹುಲ್ಲಿನ ಮೆದೆ ಹೊಸದಾಗಿರತ್ತೆ, ಏಪ್ರಿಲ್ ಮೇನಲ್ಲಿ ತೋಟದ ಮರಗಸಿ, ಅಂದ್ರೆ ನೆರಳು ಮರದ ಕೊಂಬೆ ಕಡಿಯೋ ಕೆಲಸ, ಮಾಡುವಾಗ ಹಾಲುವಾಣ ಸೊಪ್ಪು ರಾಶಿ ರಾಶಿ ಸಿಗತ್ತೆ, ಜೂನ್ ಮಳೆ ಹಿಡಿಯೋ ಹೊತ್ತಿಗೆ ಮರಿಗೆ ಮೂರು ಮೂರೂವರೆ ತಿಂಗಳಾಗಿ ಕಾಲು ಗಟ್ಟಿ ಆಗಿರತ್ತೆ. ಟಗರನ್ನ ವರ್ಷ ಪೂರ್ತಿ ಹಿಂಡಲ್ಲೇ ಬಿಟ್ಟೋರಿಗೆ ಜುಲೈನಲ್ಲೂ ಮರಿ ಹುಟ್ಟತ್ತೆ, ಆ ಜಡಿಮಳೆಲಿ ಹುಟ್ಟಿದ ಮರಿ ಉಳಿಸೋದು ಎಷ್ಟು ಕಷ್ಟ ಅಂತ ಅವರನ್ನೇ ಕೇಳಿ.

ಹಾಗಾಗಿ ಟಗರನ್ನ ಬೇರೆ ಕಟ್ಟಿ. 25ರಿಂದ 30 ಕುರಿಗೆ ಒಂದು ಟಗರು ಸಾಕು. ಕುರಿ ಬೆದೆಗೆ ಬರೋದು 17 ದಿನಕ್ಕೊಂದು ಸಲ, ಅದಕ್ಕೆ 35 ದಿನ ಬಿಟ್ರೆ ಎಲ್ಲಾ ಕುರಿಗೂ ಎರಡು ಚಾನ್ಸ್ ಸಿಗತ್ತೆ, ಆಮೇಲೆ ವಾಪಸ್ ಕಟ್ಟಿಬಿಡಿ. ಟಗರಿನ ಎದೆಗೆ ಜಾಜು, ಅಂದ್ರೆ ಕೆಮ್ಮಣ್ಣಿನ ಪುಡಿನ ಹರಳೆಣ್ಣೇಲಿ ಕಲಸಿ ದಪ್ಪಕ್ಕೆ ಹಚ್ಚಿ. ಹಾರಿದ ಕುರಿಯ ಬೆನ್ನಿನ ಹಿಂಭಾಗದಲ್ಲಿ ಕೆಂಪು ಬಣ್ಣ ಮೆತ್ತಿಕೊಂಡಿರತ್ತೆ, ದಿನಾ ಬೆಳಿಗ್ಗೆ ನೋಡಿ ಕಿವಿ ನಂಬರ್ ಜೊತೆ ತಾರೀಖು ಬರ್ಕೊಳ್ಳಿ. ಈ ಒಂದು ನೋಟ್‌ಬುಕ್ ಇದ್ರೆ ಫೆಬ್ರವರಿಯಲ್ಲಿ ಯಾವ ಕುರಿ ಹತ್ರ ಯಾವ ರಾತ್ರಿ ಕಾಯ್ಬೇಕು ಅಂತ ಗೊತ್ತಾಗತ್ತೆ, ಇಲ್ಲಾಂದ್ರೆ ಒಂದು ತಿಂಗಳು ಪೂರ್ತಿ ನಿದ್ದೆ ಕೆಡಬೇಕು.

ಒಂದು ಎಚ್ಚರಿಕೆ. ಜಂತಿನ ಔಷಧಿ ಆಲ್ಬೆಂಡಜೋಲ್‌ನ ಗಬ್ಬದ ಮೊದಲ ತಿಂಗಳಲ್ಲಿ ಕುಡಿಸಬಾರದು, ಹೊಟ್ಟೆಲಿರೋ ಮರಿ ಅಂಗ ಊನ ಆಗತ್ತೆ. ಟಗರು ಬಿಡೋಕೆ ಮುಂಚೆನೇ ಜಂತಿನ ಕೆಲಸ ಮುಗಿಸಿ. ಗದ್ದೆಲಿ ಮೇಯಿಸೋರು ಸಗಣಿ ಪರೀಕ್ಷೆ ಮಾಡಿಸಿ, ಯಾಕಂದ್ರೆ ನೀರು ನಿಲ್ಲೋ ಗದ್ದೆಲಿ ಬಸವನಹುಳು ಇರತ್ತೆ, ಅದರಿಂದ ಲಿವರ್ ಫ್ಲೂಕ್ ಅನ್ನೋ ಚಪ್ಪಟೆ ಹುಳು ಕುರಿ ಪಿತ್ತಜನಕಾಂಗಕ್ಕೆ ಸೇರತ್ತೆ. ದವಡೆ ಕೆಳಗೆ ನೀರು ತುಂಬಿ ಚೀಲದ ಥರ ಜೋತಾಡ್ತಿದ್ರೆ ಜಂತಿನ ಅನುಮಾನ ಬರಲೇಬೇಕು. ಲಿವರ್ ಫ್ಲೂಕ್‌ಗೆ ಔಷಧಿ ಬೇರೆ ಇದೆ, ಮಾಮೂಲಿ ಜಂತಿನ ಬಾಟಲಿ ಸಾಕಾಗಲ್ಲ, ಡಾಕ್ಟರ್ ಹತ್ರ ಕೇಳಿ.

2. ಕೊನೇ ಆರು ವಾರದ ಮೇವು

ಮರಿಯ ತೂಕದಲ್ಲಿ ಹೆಚ್ಚಿನ ಪಾಲು ಬೆಳೆಯೋದು ಗಬ್ಬದ ಕೊನೇ ಆರು ವಾರದಲ್ಲಿ, ನಮ್ಮ ಲೆಕ್ಕದಲ್ಲಿ ಜನವರಿಯಿಂದ. ಆಗ ಗದ್ದೆಲಿ ಒಣ ಕೂಳೆ ಬಿಟ್ರೆ ಏನೂ ಇರಲ್ಲ, ಕುರಿ ದಿನವಿಡೀ ಮೇಯ್ದಂಗೆ ಕಾಣತ್ತೆ ಆದ್ರೆ ಹೊಟ್ಟೆಗೆ ಸತ್ವ ಸೇರಲ್ಲ. ದಿನಕ್ಕೆ 200 ಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ 300 ಗ್ರಾಂ ತನಕ ಕಾಳು ಕೊಡಿ. ಜೋಳದ ನುಚ್ಚು, ಬೇಯಿಸಿದ ಹುರುಳಿ, ಕಡ್ಲೆಕಾಯಿ ಹಿಂಡಿ, ತೌಡು ಯಾವುದಾದ್ರೂ ಮಿಕ್ಸ್ ಮಾಡಿ. ಜೊತೆಗೆ ಹಲಸಿನ ಸೊಪ್ಪು, ಹಾಲುವಾಣ, ಗ್ಲಿರಿಸೀಡಿಯಾ.

ಬಡಕಲು ಕುರಿಗೂ ತೀರಾ ಕೊಬ್ಬಿದ ಕುರಿಗೂ, ಅದರಲ್ಲೂ ಅವಳಿ ಹೊತ್ತಿದ್ರೆ, ಗಬ್ಬದ ನಂಜು ಅಂತ ಒಂದು ತೊಂದ್ರೆ ಬರತ್ತೆ. ಮೇವಲ್ಲಿ ಶಕ್ತಿ ಸಾಲದೆ ಮೈಯ ಕೊಬ್ಬು ಕರಗಿ ರಕ್ತದಲ್ಲಿ ಕೀಟೋನ್ ಅನ್ನೋ ವಿಷ ಸೇರೋದೇ ಇದು. ಹಿಂಡು ಬಿಟ್ಟು ಮೂಲೆಗೆ ನಿಲ್ಲತ್ತೆ, ಕಾಳು ಇಟ್ರೂ ಮೂಸಲ್ಲ, ಹಲ್ಲು ಕಡಿಯತ್ತೆ, ಬಾಯಿ ಹತ್ರ ಮೂಗು ಹಿಡಿದ್ರೆ ಒಂಥರಾ ಸಿಹಿ ವಾಸನೆ ಬರತ್ತೆ. ಅದೇ ದಿನ ಡಾಕ್ಟರ್‌ನ ಕರೆಸಿ, ಅವರು ಬರೋ ತನಕ ನುಂಗೋ ಶಕ್ತಿ ಇದ್ರೆ ಬೆಲ್ಲದ ನೀರು ಸ್ವಲ್ಪ ಸ್ವಲ್ಪ ಕುಡಿಸ್ತಾ ಇರಿ. ನಾಳೆ ನೋಡಣ ಅಂದ್ರೆ ತಾಯಿ ಮರಿ ಎರಡೂ ಹೋಗತ್ತೆ.

ಈಯೋಕೆ ನಾಲ್ಕರಿಂದ ಆರು ವಾರ ಮುಂಚೆ ತಾಯಿಗೆ ಕರುಳು ಬೇನೆ ಲಸಿಕೆ ಹಾಕಿಸಿ, ಇದನ್ನೇ ಇ.ಟಿ. ಅಂತಾರೆ, ಧನುರ್ವಾಯುದೂ ಸೇರಿರೋದು ಸಿಕ್ಕಿದ್ರೆ ಇನ್ನೂ ಒಳ್ಳೇದು. ಆ ರಕ್ಷಣೆ ಗಿಣ್ಣು ಹಾಲಿನ ಮೂಲಕ ಮರಿಗೆ ಹೋಗತ್ತೆ. ಇಂಜೆಕ್ಷನ್‌ಗೆ ಅಂತ ಗಬ್ಬದ ಕುರಿನ ಅಟ್ಟಿಸಿಕೊಂಡು ಓಡಾಡಬೇಡಿ, ಬಾಗಿಲಲ್ಲಿ ತಳ್ಳಾಟ ಆಗೋಕೆ ಬಿಡಬೇಡಿ.

3. ತಾಮ್ರ: ಕೊಡಗಿನೋರು ಇದನ್ನ ಎರಡು ಸಲ ಓದಿ

ದನ ತಡ್ಕೊಳ್ಳೋಷ್ಟು ತಾಮ್ರನ ಕುರಿ ತಡ್ಕೊಳ್ಳಲ್ಲ. ಒಳಗೆ ಹೋಗಿದ್ದು ಹೊರಗೆ ಹೋಗದೆ ಪಿತ್ತಜನಕಾಂಗದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡ್ತಾ ಹೋಗತ್ತೆ, ಅಲ್ಲೀತನಕ ಕುರಿ ಆರೋಗ್ಯವಾಗೇ ಕಾಣತ್ತೆ, ಆಮೇಲೆ ಗಬ್ಬ, ಸಾಗಾಟ, ಮೇವು ಕಮ್ಮಿ ಆಗೋದು ಇಂಥ ಯಾವುದೋ ಸುಸ್ತಿಗೆ ಒಂದೇ ಸಲ ರಕ್ತಕ್ಕೆ ಬಿಡುಗಡೆ ಆಗತ್ತೆ. ಕಣ್ಣು, ಒಸಡು ಹಳದಿ, ಮೂತ್ರ ಕಡುಗೆಂಪು ಇಲ್ಲಾ ಕಾಫಿ ಡಿಕಾಕ್ಷನ್ ಬಣ್ಣ. ಆ ಹಂತಕ್ಕೆ ಬಂದ ಕುರಿ ಉಳಿಯೋದು ಅಪರೂಪ.

ನಮ್ಮ ತೋಟದಲ್ಲಿ ತಾಮ್ರ ಎಲ್ಲಿಂದ? ಮೈಲುತುತ್ತಿಂದ, ಅಂದ್ರೆ ಕಾಪರ್ ಸಲ್ಫೇಟಿಂದ. ಮೆಣಸಿನ ಬಳ್ಳಿಗೆ, ಅಡಿಕೆಗೆ, ಕಾಫಿಗೆ ಶಿಲೀಂಧ್ರ ರೋಗ ಬರದಂಗೆ ಹೊಡೆಯೋ ಬೋರ್ಡೋ ದ್ರಾವಣ 1 ಪರ್ಸೆಂಟ್ ಅಂದ್ರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಅದು ಬಳ್ಳಿಯಿಂದ ತೊಟ್ಟಿಕ್ಕಿ ಬುಡದ ಹುಲ್ಲಿನ ಮೇಲೆ ನೀಲಿ ಪೊರೆ ಕಟ್ಟಿರತ್ತೆ. ಹೊಡೆದ ಜಾಗಕ್ಕೆ ಒಂದೆರಡು ಜೋರು ಮಳೆ ಬಿದ್ದು ಹೊಸ ಹುಲ್ಲು ಬರೋ ತನಕ ಕುರಿ ಬಿಡ್ಲೇಬೇಡಿ, ಅಲ್ಲಿಂದ ಹುಲ್ಲು ಕುಯ್ದು ಹಾಕೋದೂ ಬೇಡ, ಡ್ರಮ್ ತೊಳೆದ ನೀರು ಕುರಿ ಕುಡಿಯೋ ಗುಂಡಿಗೆ ಹರಿಯದಂಗೆ ನೋಡ್ಕೊಳ್ಳಿ. ಇನ್ನೊಂದು ದಾರಿ ದನದ ಫೀಡು, ದನದ ಮಿನರಲ್ ಮಿಕ್ಸ್ಚರ್. ಅದರಲ್ಲಿ ದನಕ್ಕೆ ಬೇಕು ಅಂತಾನೇ ತಾಮ್ರ ಸೇರಿಸಿರ್ತಾರೆ. ಒಂದು ವರ್ಷ ನಾನು ಹಸುಗೆ ತಂದ ಪೆಲೆಟ್ ಮಿಕ್ಕಿದೆ ಅಂತ ಎರಡು ತಿಂಗಳು ಗಬ್ಬದ ಕುರಿಗಳಿಗೆ ಹಾಕಿ, ಚೆನ್ನಾಗಿದ್ದ ಎರಡು ತಾಯಿ ಕುರಿನ ಈಯೋ ಮುಂಚೆನೇ ಕಳ್ಕೊಂಡೆ, ಕೊಯ್ದು ನೋಡಿದ ಡಾಕ್ಟರ್ ಹೇಳಿದ ಮೇಲೇನೇ ನಂಗೆ ಕಾರಣ ಗೊತ್ತಾಗಿದ್ದು. ಕುರಿಗೆ ಅಂತಾನೇ ಮಾಡಿದ ಮಿನರಲ್ ತನ್ನಿ. ಗೊರಸು ಕೊಳೆಯೋದಕ್ಕೆ ಕಾಲು ಅದ್ದಿಸೋರೂ ಮೈಲುತುತ್ತಿನ ಬದಲು ಜಿಂಕ್ ಸಲ್ಫೇಟ್ ಬಳಸಿ.

4. ಈಯೋ ಜಾಗ ಮತ್ತು ಸಾಮಾನು

ಜನವರಿ ಕೊನೆಗೆ ಇದೆಲ್ಲಾ ಕೈಗೆ ಸಿಗೋಹಾಗೆ ಒಂದು ಬಕೆಟ್‌ನಲ್ಲಿ ಇಡಿ: ಟಿಂಚರ್ ಅಯೋಡಿನ್, ಗ್ಲೌಸ್, ಸೋಪು, ಕತ್ತರಿ, ದಪ್ಪ ನೂಲು, ಥರ್ಮಾಮೀಟರ್, ನಿಪ್ಪಲ್ ಇರೋ ಬಾಟಲಿ, ತಲೆಗೆ ಕಟ್ಟೋ ಟಾರ್ಚು, ಒಗೆದು ಒಣಗಿಸಿದ ಹಳೇ ಕಾಟನ್ ಬಟ್ಟೆ, ಒಂದಷ್ಟು ಖಾಲಿ ಗೋಣಿಚೀಲ. ಗೊಬ್ಬರ ಇದ್ದ ಚೀಲ ಬೇಡ, ಕಾಫಿ ತುಂಬಿದ ಚೀಲ ಆದ್ರೆ ಒಳ್ಳೇದು.

ಕೊಟ್ಟಿಗೆ ಒಳಗೆ ಗಾಳಿ ಬೀಸದ ಕಡೆ ಸಿಲ್ವರ್ ಓಕ್ ಮರದ ರೀಪರ್ ಇಲ್ಲಾ ಬಿದಿರಿಂದ ನಾಲ್ಕಡಿಗೆ ಐದಡಿ ಅಳತೆಯ ಪುಟ್ಟ ಬಾಣಂತಿ ಗೂಡು ಮಾಡಿ, ಹತ್ತು ಕುರಿಗೆ ಒಂದೋ ಎರಡೋ ಸಾಕು. ತಾಯಿ ಮರಿ ಒಂದೆರಡು ದಿನ ಅಲ್ಲಿ ಇಬ್ಬರೇ ಇದ್ರೆ ವಾಸನೆ ಗುರುತಾಗಿ ಸಂಬಂಧ ಗಟ್ಟಿ ಆಗತ್ತೆ. ಕೆಳಗೆ ಒಣ ಬತ್ತದ ಹುಲ್ಲು ಅರ್ಧ ಅಡಿ. ಅಟ್ಟದ ನೆಲ ಇದ್ರೆ ಹಲಗೆ ಸಂದಿಗೆ ಮರಿ ಕಾಲು ಸಿಕ್ಕಿ ಮುರಿಯತ್ತೆ, ಗೋಣಿ ಹಾಸಿ ಅದರ ಮೇಲೆ ಹುಲ್ಲು ಹಾಕಿ. ಬಿಸಿಗೆ ಅಂತ ಬಲ್ಬ್ ಹಾಕೋರು ನೆಲದಿಂದ ಕನಿಷ್ಠ ಮೂರಡಿ ಮೇಲೆ, ತಂತಿಗೆ ಗಟ್ಟಿಯಾಗಿ ಕಟ್ಟಿ ಹಾಕಿ, ಹುಲ್ಲಿಗೆ ಬೆಂಕಿ ಹತ್ತೋಕೆ ಒಂದು ಸಲ ಜಾರಿದ್ರೆ ಸಾಕು. ಹೂಮಳೆ, ಅಂದ್ರೆ ಕಾಫಿ ಹೂವು ಅರಳಿಸೋ ಮಳೆ, ಅದರ ಗುಡುಗು ಶುರು ಆದ್ರೆ ಕರೆಂಟ್ ಹೋಗೋದು ಗ್ಯಾರಂಟಿ, ಅದಕ್ಕೆ ಬಿಸಿನೀರು ತುಂಬಿದ ಬಾಟಲಿನ ಬಟ್ಟೇಲಿ ಸುತ್ತಿ ಇಡೋದೇ ಭರವಸೆ.

ರಾತ್ರಿ ಬಾಗಿಲು ಭದ್ರ. ಬೀದಿ ನಾಯಿ, ನರಿ, ಚಿರತೆ ಮೂರಕ್ಕೂ ಈದ ಮೇಲೆ ಬೀಳೋ ಕಸದ (ಮಾಸಿನ) ವಾಸನೆ ದೂರಕ್ಕೆ ಹೋಗತ್ತೆ. ಮಾಡಿನ ಸಂದಿಗೂ ಮೆಶ್ ಹೊಡೀರಿ. ಹಗಲು ಬಯಲಲ್ಲಿ ಈದ್ರೆ ಕಾಗೆ ಕಾಯ್ತಾ ಇರತ್ತೆ, ಏಳೋಕೆ ಆಗದ ಮರಿ ಕಣ್ಣು ಕುಕ್ಕತ್ತೆ, ಅದಕ್ಕೆ ದಿನ ಹತ್ರ ಬಂದ ಕುರಿನ ದೂರ ಕಳಿಸಬೇಡಿ.

5. ಈಯೋ ಹೊತ್ತು

ಕೆಚ್ಚಲು ಬಿಗಿಯತ್ತೆ, ಬಾಲದ ಬುಡದ ಎರಡೂ ಕಡೆ ಗುಳಿ ಬೀಳತ್ತೆ, ಕುರಿ ಕಾಲಲ್ಲಿ ನೆಲ ಕೆರೆದು ಕೂತು ಎದ್ದು ಮಾಡತ್ತೆ. ಇದು ಕೆಲವು ಗಂಟೆ ನಡೀಬಹುದು, ದೂರ ಕೂತು ನೋಡಿ, ಮಧ್ಯೆ ಹೋಗಬೇಡಿ. ನೀರ್ಚೀಲ ಕಾಣಿಸಿಕೊಂಡ ತಕ್ಷಣ ಗಡಿಯಾರ ನೋಡಿ. ಅಲ್ಲಿಂದ ಅರ್ಧ ಗಂಟೆಯಿಂದ ಒಂದು ಗಂಟೆ ಒಳಗೆ ಮರಿ ಬರಬೇಕು. ಜೋರಾಗಿ ಮುಕ್ಕುತ್ತಾ ಇದ್ರೂ ಅರ್ಧ ಗಂಟೇಲಿ ಏನೂ ಮುಂದುವರೀಲಿಲ್ಲ ಅಂದ್ರೆ ಪರೀಕ್ಷೆ ಮಾಡೋ ಟೈಮ್ ಬಂತು.

ಸರಿಯಾದ ಮರಿ ಬರೋದು ಮುಂಗಾಲೆರಡು, ಅದರ ಮೇಲೆ ಮೂಗು, ಈಜೋಕೆ ಹಾರಿದವರ ಥರ. ಗೊರಸಿನ ಅಡಿ ನೆಲದ ಕಡೆ ಇರತ್ತೆ. ಅಡಿ ಆಕಾಶದ ಕಡೆ ಇದ್ರೆ ಹೆಚ್ಚಾಗಿ ಅದು ಹಿಂಗಾಲು, ಮರಿ ಹಿಂದುಮುಂದಾಗಿ ಬರ್ತಿದೆ ಅಂತ. ಆಗ ಶುರು ಮಾಡಿದ ಮೇಲೆ ತಡ ಮಾಡದೆ ತೆಗೀಬೇಕು, ಯಾಕಂದ್ರೆ ಹೊಕ್ಕುಳಬಳ್ಳಿ ಒಳಗೆ ಅಮುಕಿ ತಲೆ ಇನ್ನೂ ನೀರಲ್ಲೇ ಇರತ್ತೆ. ತಲೆ ಬಂದು ಒಂದು ಕಾಲು ಹಿಂದಕ್ಕೆ ಮಡಚಿದ್ರೆ, ಕುರಿ ಮುಕ್ಕೋದು ನಿಲ್ಲಿಸಿದಾಗ ಮರಿನ ಮೆಲ್ಲಗೆ ಸ್ವಲ್ಪ ಒಳಗೆ ತಳ್ಳಿ, ಗೊರಸನ್ನ ಅಂಗೈಯಲ್ಲಿ ಮುಚ್ಚಿಕೊಂಡು ಮುಂದಕ್ಕೆ ತನ್ನಿ, ಗೊರಸಿಂದ ಗರ್ಭಕೋಶ ಹರಿಯಬಾರದು. ಎಳೆಯೋದು ಕುರಿ ಮುಕ್ಕಿದಾಗ ಮಾತ್ರ, ನೇರ ಹಿಂದಕ್ಕಲ್ಲ, ಅದರ ಹಿಂಗಾಲಿನ ಕಡೆಗೆ ಕೆಳಮುಖವಾಗಿ. ಕೈ ಉಗುರು ಕತ್ತರಿಸಿ, ಸೋಪು ಹಾಕಿ ಮೊಣಕೈ ತನಕ ತೊಳೆದು ಗ್ಲೌಸ್ ಹಾಕಿ. ಎರಡು ಮರಿಯ ಕಾಲು ಗೋಜಲಾಗಿದ್ರೆ, ಗರ್ಭಕೋಶದ ಬಾಯಿ ತೆರೆದೇ ಇಲ್ಲ ಅಂದ್ರೆ, ಹತ್ತು ನಿಮಿಷ ನೋಡಿ ನಿಮ್ಮ ಕೈಲಿ ಆಗಲಿಲ್ಲ ಅಂದ್ರೆ ಬಿಟ್ಟುಬಿಡಿ, 1962ಕ್ಕೆ ಫೋನ್ ಮಾಡಿ, ಅದು ಪಶು ಸಂಚಾರಿ ಆಂಬುಲೆನ್ಸ್ ಸಹಾಯವಾಣಿ, ಜೊತೆಗೆ ನಿಮ್ಮ ಊರಿನ ಡಾಕ್ಟರ್‌ಗೂ. ಇಬ್ಬರು ಮೂರು ಜನ ಸೇರಿ ಹಗ್ಗ ಕಟ್ಟಿ ಎಳೆಯೋದು ನಾನು ಕಣ್ಣಾರೆ ನೋಡಿದೀನಿ, ದಯವಿಟ್ಟು ಬೇಡ.

ಮನೇಲಿ ಬಸುರಿ ಹೆಂಗಸರಿದ್ರೆ ಈಯೋ ಕುರಿ, ಕಸ, ಹೊಸ ಮರಿ ಯಾವುದನ್ನೂ ಅವರು ಮುಟ್ಟಬಾರದು. ಕುರಿಲಿ ಗಬ್ಬ ಕಳಚೋ ಕೆಲವು ರೋಗ ಮನುಷ್ಯರಿಗೂ ಬರತ್ತೆ, ಬ್ರುಸೆಲ್ಲಾ ಅದರಲ್ಲಿ ಒಂದು. ನಾವೂ ಬರಿಗೈಲಿ ಕಸ ಎತ್ತಬಾರದು.

6. ಮೊದಲ ಒಂದು ಗಂಟೆ

ಮರಿ ಬಿದ್ದ ಕೂಡ್ಲೆ ಮೂಗು ಬಾಯಿ ಮೇಲಿನ ಲೋಳೆ ಒರೆಸಿ. ಉಸಿರಾಡ್ಲಿಲ್ಲ ಅಂದ್ರೆ ಹುಲ್ಲಿನ ಎಸಳಿಂದ ಮೂಗಿನ ಒಳಗೆ ಕೆಣಕಿ, ಪಕ್ಕೆ ಜೋರಾಗಿ ಉಜ್ಜಿ, ಸೀನಿದ್ರೆ ಗೆದ್ದಂಗೆ. ಆಮೇಲೆ ತಾಯಿ ಮೂಗಿನ ಹತ್ರ ಇಟ್ಟು ಎರಡು ಹೆಜ್ಜೆ ಹಿಂದೆ ಬನ್ನಿ. ತಾಯಿ ಗಂಟಲೊಳಗೇ ಗುರ್ ಗುರ್ ಅಂತ ಒಂದು ಸಣ್ಣ ಸದ್ದು ಮಾಡ್ತಾ ನೆಕ್ಕತ್ತೆ, ಬೇರೆ ಯಾವತ್ತೂ ಅದು ಆ ಸದ್ದು ಮಾಡಲ್ಲ. ಚಳಿ ರಾತ್ರಿಲಿ ಟಾರ್ಚ್ ಬೆಳಕಿಗೆ ಮರಿ ಮೈಯಿಂದ ಹಬೆ ಏಳೋದು ಕಾಣತ್ತೆ, ಆ ಹಬೆ ಅಂದ್ರೆ ಮರಿಯ ಬಿಸಿ ಹೊರಗೆ ಹೋಗ್ತಿದೆ ಅಂತ, ತಾಯಿ ನೆಕ್ಕೋದು ನಿಲ್ಲಿಸಿದ್ರೆ ನೀವು ಗೋಣಿಲಿ ಉಜ್ಜಿ ಒಣಗಿಸಿ. ಪೂರ್ತಿ ನೀವೇ ಒರೆಸಬೇಡಿ, ವಾಸನೆ ಹೋದ್ರೆ ತಾಯಿ ಒಪ್ಪಲ್ಲ.

ಹೊಕ್ಕುಳಬಳ್ಳಿ ಉದ್ದ ಇದ್ರೆ ಹೊಟ್ಟೆಯಿಂದ ಎರಡು ಇಂಚು ಬಿಟ್ಟು ನೂಲು ಕಟ್ಟಿ ಕತ್ತರಿಸಿ, ಪುಟ್ಟ ಲೋಟದಲ್ಲಿ ಟಿಂಚರ್ ಹಾಕಿ ಬಳ್ಳಿನ ಪೂರ್ತಿ ಅದ್ದಿ. ಹತ್ತಿಲಿ ಮುಟ್ಟಿಸಿದ್ರೆ ಸಾಲದು. ಅರಿಶಿನ, ಬೂದಿ, ಸಗಣಿ ಹಚ್ಚಬೇಡಿ, ಅಲ್ಲಿಂದಲೇ ನಂಜು ಏರಿ ಎರಡು ವಾರಕ್ಕೆ ಗಂಟು ಊದಿಕೊಂಡು ಮರಿ ಕುಂಟತ್ತೆ.

ಈಗ ಹಾಲು. ಮೊಲೆ ತುದಿಲಿ ಮೇಣದ ಥರ ಬಿರಡೆ ಇರತ್ತೆ, ಎರಡೂ ಕಡೆ ನಾಲ್ಕು ಹನಿ ಹಿಂಡಿ ಹಾಲು ಬರತ್ತಾ ನೋಡಿ. ಬರೋದು ಗಟ್ಟಿ ಹಳದಿ ಗಿಣ್ಣು ಹಾಲು, ಮರಿಗೆ ರೋಗ ತಡೆಯೋ ಶಕ್ತಿ ಸಿಗೋದು ಅದೊಂದರಿಂದಲೇ. ಆ ಶಕ್ತಿನ ಹೀರಿಕೊಳ್ಳೋ ತಾಕತ್ತು ಮರಿ ಕರುಳಿಗೆ ಗಂಟೆ ಗಂಟೆಗೂ ಕಮ್ಮಿ ಆಗ್ತಾ ಹೋಗಿ ಒಂದು ದಿನಕ್ಕೆ ಮುಗಿದೇ ಹೋಗತ್ತೆ, ಹಾಗಾಗಿ ಎರಡು ಗಂಟೆ ಒಳಗೆ ಮೊದಲ ಗುಟುಕು ಹೋಗ್ಲೇಬೇಕು. ಲೆಕ್ಕ ಹೀಗೆ: ಒಂದು ಕೆಜಿ ತೂಕಕ್ಕೆ ಒಂದು ಸಲಕ್ಕೆ 50 ಎಂಎಲ್, ದಿನಕ್ಕೆ ನಾಲ್ಕು ಸಲ. ಎರಡೂವರೆ ಕೆಜಿ ಮರಿಗೆ ಒಂದು ಸಲಕ್ಕೆ 125, ದಿನಕ್ಕೆ ಅರ್ಧ ಲೀಟರ್. ಮನೇಲಿ ಗಿಣ್ಣು ಮಾಡಣ ಅಂತ ಆ ಹಾಲು ಕರ್ಕೊಂಡು ಹೋಗೋದು ಖಂಡಿತ ಬೇಡ. ಒಂದೇ ಮರಿ ಇರೋ ಕುರಿಲಿ ಮಿಕ್ಕಿದ್ರೆ ಪುಟ್ಟ ಬಾಟಲಿಗೆ ಹಾಕಿ ಫ್ರೀಜರ್‌ನಲ್ಲಿಡಿ, ಬೇಕಾದಾಗ ಉಗುರುಬೆಚ್ಚಗಿನ ನೀರಲ್ಲಿ ಇಟ್ಟು ಕರಗಿಸಿ, ಒಲೆ ಮೇಲೆ ಇಟ್ರೆ ಗಡ್ಡೆ ಕಟ್ಟಿ ಗುಣ ಹೋಗತ್ತೆ. ಏನೂ ಇಲ್ಲ ಅಂದ್ರೆ ಆಗತಾನೇ ಕರು ಹಾಕಿದ ಹಸುವಿನ ಗಿಣ್ಣು ಹಾಲೂ ಆಗತ್ತೆ.

ಕುಡಿದಿದೆಯಾ ಅಂತ ತಿಳಿಯೋಕೆ ಹೊಟ್ಟೆ ಮುಟ್ಟಿ, ತುಂಬಿದ್ರೆ ಗುಂಡಗೆ ಇರತ್ತೆ. ಕುಡಿಯುವಾಗ ಬಾಲ ಪಟಪಟ ಅಲ್ಲಾಡಬೇಕು.

7. ತಣ್ಣಗಾದ ಮರಿ

ಬೆನ್ನು ಗೂನು ಮಾಡಿ ತಲೆ ತಗ್ಗಿಸಿ ನಿಂತ ಮರಿ ಬಾಯೊಳಗೆ ಬೆರಳಿಡಿ. ಬೆಚ್ಚಗಿರಬೇಕು. ತಣ್ಣಗಿದ್ರೆ ಥರ್ಮಾಮೀಟರ್ ಗುದದಲ್ಲಿಟ್ಟು ನೋಡಿ, 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಸರಿ, 99ಕ್ಕಿಂತ ಕೆಳಗೆ ಅಪಾಯ.

ಇಲ್ಲಿ ಎಲ್ಲರೂ ಮಾಡೋ ತಪ್ಪು ಅಯ್ಯೋ ಪಾಪ ಅಂತ ಬಾಯಿಗೆ ಹಾಲು ಹುಯ್ಯೋದು. ತಲೆ ಎತ್ತೋಕೆ ಆಗದ ಮರಿಗೆ ನುಂಗೋಕೂ ಆಗಲ್ಲ, ಹಾಲು ಶ್ವಾಸಕೋಶಕ್ಕೆ ಹೋಗತ್ತೆ. ಮೊದಲು ಬಿಸಿ, ಆಮೇಲೆ ಹಾಲು. ಹುಟ್ಟಿ ಐದು ಗಂಟೆ ಒಳಗಿನ ಮರಿ ಆದ್ರೆ ಒಣಗಿಸಿ, ಗೋಣಿ ಸುತ್ತಿ ಬಿಸಿನೀರಿನ ಬಾಟಲಿ ಎರಡೂ ಪಕ್ಕ ಇಡಿ, ಮೈ ಬಿಸಿಯಾಗಿ ತಲೆ ಎತ್ತಿ ಬೆರಳು ಚೀಪೋಕೆ ಶುರು ಮಾಡಿದ ಮೇಲೆ ಗಿಣ್ಣು ಹಾಲು ಕೊಡಿ. ಐದು ಗಂಟೆ ದಾಟಿ ತೀರಾ ತಣ್ಣಗಾದ ಮರಿ ರಕ್ತದಲ್ಲಿ ಸಕ್ಕರೆ ಖಾಲಿಯಾಗಿರತ್ತೆ, ಅದನ್ನ ಹಾಗೇ ಬಿಸಿ ಮಾಡಿದ್ರೆ ಫಿಟ್ಸ್ ಬಂದು ಸಾಯಬಹುದು, ಅದಕ್ಕೆ ಮೊದಲು ಹೊಟ್ಟೆಗೆ ಗ್ಲೂಕೋಸ್ ಇಂಜೆಕ್ಷನ್ ಬೇಕು. ಅದು ಡಾಕ್ಟರ್ ಕೆಲಸ, ಈಯೋ ಕಾಲ ಶುರುವಾಗೋ ಮುಂಚೆನೇ ಅವರ ಹತ್ರ ಕೈ ಹಿಡಿದು ಹೇಳಿಸಿಕೊಂಡ್ರೆ ನೀವೂ ಕಲೀಬಹುದು.

ಹೂಮಳೆ ಬಗ್ಗೆ ಒಂದು ಮಾತು. ಕಾಫಿಗೆ ಅದು ಬಂಗಾರ, ಆದ್ರೆ ಫೆಬ್ರವರಿ ಮಾರ್ಚಿನ ಸಂಜೆ ಒಂದು ಇಂಚು ಮಳೆ ಆಲಿಕಲ್ಲಿನ ಜೊತೆ ಬಿದ್ರೆ ಬಯಲಲ್ಲಿರೋ ವಾರದ ಮರಿಗೆ ಅದೇ ಕಂಟಕ. ಮಧ್ಯಾಹ್ನ ಮೋಡ ಕಟ್ಟಿ ಗಾಳಿ ತಿರುಗಿದ್ರೆ ಮರಿ ಇರೋ ಕುರಿಗಳನ್ನ ಒಳಗೆ ತನ್ನಿ.

8. ಕಸ ಮತ್ತು ತಾಯಿ

ಕಸ, ಅಂದ್ರೆ ಮಾಸು, ಆರು ಗಂಟೆ ಒಳಗೆ ಬೀಳತ್ತೆ. ಹನ್ನೆರಡು ಗಂಟೆ ದಾಟಿದ್ರೆ ಡಾಕ್ಟರ್. ಕೈಲಿ ಎಳೀಬೇಡಿ, ಕಲ್ಲು ಕಟ್ಟಿ ಜೋತು ಬಿಡಬೇಡಿ. ಬಿದ್ದಿದ್ದನ್ನ ಸುಣ್ಣ ಹಾಕಿ ಆಳಕ್ಕೆ ಹೂಳಿ, ನಾಯಿಗೆ ಎಸೀಬೇಡಿ. ತಾಯಿಗೆ ಮೊದಲು ಬೆಲ್ಲ ಹಾಕಿದ ಉಗುರುಬೆಚ್ಚಗಿನ ನೀರು, ಒಳ್ಳೇ ಹುಲ್ಲು, ಕಾಳು ಮಾರನೇ ದಿನದಿಂದ ಏರಿಸ್ತಾ ಹೋಗಿ. ಕೆಚ್ಚಲು ಒಂದು ಕಡೆ ಬಿಸಿ, ಗಟ್ಟಿ, ಮರಿ ಹತ್ರ ಬಂದ್ರೆ ಒದೆಯತ್ತೆ ಅಂದ್ರೆ ಕೆಚ್ಚಲು ಬಾವು, ಕಾಯಬೇಡಿ.

ಬಾಣಂತಿಗೆ ಅಂತ ಮದುವೆ ಮನೆ ಮಿಕ್ಕಿದ ಅನ್ನ ಬಕೆಟ್‌ಗಟ್ಟಲೆ ಸುರಿಯೋರಿದ್ದಾರೆ. ಹೊಟ್ಟೆ ಹುಳಿಯಾಗಿ ಒಂದು ದಿನದಲ್ಲಿ ಸಾಯತ್ತೆ. ಏಪ್ರಿಲ್ ಕೊನೆಯಿಂದ ಉದುರೋ ಹಲಸಿನ ಹಣ್ಣಿಗೂ ಇದೇ ಮಾತು, ಬೆಳಿಗ್ಗೆ ಎದ್ದು ಮರದ ಬುಡ ಗುಡಿಸಿದ ಮೇಲೇ ಕುರಿ ಬಿಡಿ. ಲಂಟಾನ ಪೊದೆ ಹತ್ರನೂ ಹಸಿದ ಕುರಿ ಬಿಡಬೇಡಿ, ಅದರ ಎಲೆ ವಿಷ.

ತಬ್ಬಲಿ ಮರಿನ ಬೇರೆ ತಾಯಿಗೆ ಸೇರಿಸಬೇಕಾದ್ರೆ ಆ ತಾಯಿ ಈಯುವಾಗ ಬರೋ ನೀರನ್ನ ಮರಿ ತಲೆಗೆ, ಬಾಲಕ್ಕೆ ಬಳಿದು ಮುಂದೆ ಇಡಿ. ತಡ ಆದಷ್ಟೂ ಒಪ್ಪೋದು ಕಷ್ಟ.

9. ಎರಡನೇ ವಾರದಿಂದ ಮಳೆ ತನಕ

ಎರಡು ವಾರಕ್ಕೆ ಮರಿ ಚಿಗುರು ಕಚ್ಚೋಕೆ ಶುರು. ಮೂಲೇಲಿ ಆರೇಳು ಇಂಚು ಸಂದಿ ಬಿಟ್ಟು ಮರಿ ಮಾತ್ರ ನುಗ್ಗೋಹಾಗೆ ಬೇಲಿ ಮಾಡಿ ಒಳಗೆ ನುಚ್ಚು, ಹಿಂಡಿ, ಎಳೇ ಸೊಪ್ಪು ಇಡಿ. ಮೂರು ವಾರದಿಂದ ಎರಡು ತಿಂಗಳ ನಡುವೆ ರಕ್ತ ಬೆರೆತ ಭೇದಿ ಬಂದ್ರೆ ಕಾಕ್ಸಿಡಿಯಾ ಇರಬಹುದು, ಒದ್ದೆ ಹಾಸಿಗೆಲಿ ಹರಡೋ ಪುಟ್ಟ ಜೀವಿಯ ಕಾಯಿಲೆ ಇದು, ಜಂತಿನ ಔಷಧಿಗೆ ಬಗ್ಗಲ್ಲ. ಸಗಣಿ ತಗೊಂಡು ಆಸ್ಪತ್ರೆಗೆ ಹೋಗಿ, ಹುಲ್ಲು ಪೂರ್ತಿ ಬದಲಾಯಿಸಿ.

ಮೇ ಮಧ್ಯಕ್ಕೆ ಮರಿಗೆ ಮೂರು ತಿಂಗಳು. ಕರುಳು ಬೇನೆ ಲಸಿಕೆ ಆಗ, ಹಿರೇಬೇನೆ ಅಂದ್ರೆ ಪಿಪಿಆರ್ ಲಸಿಕೆ ಯಾವ ದಿನ ಅಂತ ಡಾಕ್ಟರ್‌ನ ಕೇಳಿ ಬರ್ಕೊಳ್ಳಿ, ಎರಡೂ ಮಳೆಗೆ ಮುಂಚೆ ಮುಗೀಲಿ. ತಾಯಿಯಿಂದ ಬಿಡಿಸೋದೂ ಇದೇ ಹೊತ್ತಿಗೆ, ಒಂದೇ ದಿನ ಬಿಡಿಸಿ ಕೆಚ್ಚಲು ಬಿಗಿಯೋಹಾಗೆ ಮಾಡಬೇಡಿ, ತಾಯಿ ಕಾಳನ್ನ ಒಂದು ವಾರ ಮುಂಚೆನೇ ಇಳಿಸ್ತಾ ಬನ್ನಿ.

ಮೇ ಕೊನೇ ವಾರ ಮಾಡು ಸೋರತ್ತಾ ನೋಡಿ, ಅಟ್ಟದ ಹಲಗೆ ಕೊಳೆತಿದ್ರೆ ಬದಲಾಯಿಸಿ, ಗಾಳಿ ಬರೋ ಪಶ್ಚಿಮದ ಕಡೆಗೆ ಟಾರ್ಪಾಲು ಕಟ್ಟಿ, ಆದ್ರೆ ಮಾಡಿನ ಕೆಳಗೆ ಒಂದಡಿ ಗಾಳಿಗೆ ಬಿಡಿ, ಪೂರ್ತಿ ಮುಚ್ಚಿದ್ರೆ ಮೂತ್ರದ ಘಾಟಿಗೆ ನ್ಯುಮೋನಿಯಾ ಬರತ್ತೆ. ಒಣಹುಲ್ಲು ಮೂರು ತಿಂಗಳಿಗೆ ಆಗೋಷ್ಟು ಒಳಗೆ ಇರ್ಲಿ. ಪಕ್ಕದ ತೋಟದವರು ಮುಂಗಾರಿಗೆ ಮುಂಚಿನ ಬೋರ್ಡೋ ಯಾವತ್ತು ಹೊಡೀತಾರೆ ಅಂತ ಕೇಳಿ ಕ್ಯಾಲೆಂಡರ್ ಮೇಲೆ ಬರೆದಿಡಿ, ಆ ದಿನದಿಂದ ಮರಿಗಳು ಬೇಲಿ ದಾಟದಂಗೆ ಕಾಯಬೇಕು.